ಅರಿಶಿನದ ಕೈಯೂ ಕರ್ತನ ಮೇಜೂ

ನನ್ನ ಜಾಗಕ್ಕೆ ಒಬ್ಬ ಹುಡುಗಿಯನ್ನು ತೆಗೆದುಕೊಂಡಿದ್ದಾರೆ. ಚಾಮರಾಜನಗರದ ನಮ್ಮ ಸಣ್ಣ ಸಭೆಯಲ್ಲಿ ಕಸ ಗುಡಿಸುವುದು, ಚಾಪೆ ಹಾಸುವುದು, ಗಂಟೆ ಹೊಡೆಯುವುದು, ತಿಂಗಳಿಗೊಮ್ಮೆ ಬರುವ ಕರ್ತನ ಭೋಜನದ ಭಾನುವಾರಕ್ಕೆ ರೊಟ್ಟಿ ಸುಟ್ಟು ದ್ರಾಕ್ಷಿ ರಸ ಮಾಡಿಡುವುದು, ಇಷ್ಟೇ ಕೆಲಸ ಅಂತ ಹಿರಿಯರು ಅವಳಿಗೆ ಹೇಳಿದ್ದಾರೆ. ಸುಳ್ಳು ಹೇಳಿಲ್ಲ. ಆದರೆ ಮುಖ್ಯವಾದದ್ದನ್ನೇ ಬಿಟ್ಟಿದ್ದಾರೆ. ನಾನು ಈ ಕೆಲಸದಲ್ಲಿ ನೆಲ ಗುಡಿಸಿದ್ದಕ್ಕಿಂತ ಹೆಚ್ಚು ಹೊತ್ತು ಬಾಗಿಲಲ್ಲಿ ನಿಂತು ಬಂದವರ ತಲೆ, ಕಿವಿ, ಕತ್ತು, ಕಾಲು ನೋಡಿದ್ದೇನೆ. ದನದ ಸಂತೆಯಲ್ಲಿ ಕೊಳ್ಳುವವನು ಹಲ್ಲು ಹಿಡಿದು ನೋಡುತ್ತಾನಲ್ಲ, ಹಾಗೆ. ಬಂದವರ ಮನಸ್ಸು ನೋಡು ಅಂತ ಯಾವ ಅಯ್ಯನೋರೂ ನನಗೆ ಹೇಳಲಿಲ್ಲ. ಸಭಾಪಾಲಕರನ್ನು ನಮ್ಮ ಕಡೆ ಅಯ್ಯನೋರು ಅಂತಲೇ ಕರೆಯುವುದು. ಅವರು ಹೇಳಿದ್ದರೂ ನಾನು ನೋಡುವುದು ಹೇಗೆ? ಬಾಗಿಲಲ್ಲಿ ನಿಂತವಳಿಗೆ ಮನಸ್ಸು ಕಾಣುವುದಿಲ್ಲ, ಚಪ್ಪಲಿ ಕಾಣುತ್ತದೆ.

ಚಪ್ಪಲಿಯಿಂದಲೇ ಶುರು ಮಾಡುತ್ತೇನೆ. ನಾನು ಮೊದಲು ಕೆಲಸಕ್ಕೆ ಸೇರಿದ್ದು ಗುಂಡ್ಲುಪೇಟೆಯ ಸಭೆಯಲ್ಲಿ. ಅಲ್ಲಿದ್ದ ದೊಡ್ಡ ಅಯ್ಯನೋರು ಇದು ಪರಿಶುದ್ಧ ನೆಲ, ಚಪ್ಪಲಿ ಹೊರಗೆ ಬಿಡಿಸು ಅಂದರು. ಬಿಡಿಸಿದೆ. ಬೀದಿ ನಾಯಿಗಳಿಗೆ ವಾರಕ್ಕೊಂದು ದಿನ ಹಬ್ಬವಾಯಿತು. ಬೇಗೂರಿನಿಂದ ಬಸ್ಸಿಗೆ ಬಂದು ಬರಿಗಾಲಲ್ಲಿ ಬಸ್ಸು ಹತ್ತಿ ಹೋದವರು ಎಷ್ಟೋ ಜನ. ಆಮೇಲೆ ಅವರು ವರ್ಗವಾಗಿ ಬೇರೊಬ್ಬರು ಬಂದರು. ಚಪ್ಪಲಿ ಹೊರಗೆ ಬಿಡುವುದು ಗುಡಿಯ ಪದ್ಧತಿ, ನಮಗೆ ಯಾಕೆ, ಹಾಕಿಕೊಂಡೇ ಬರಲಿ ಅಂದರು. ಹಾಕಿಕೊಂಡೇ ಬಂದರು, ಹೊಲದ ಗೊಬ್ಬರದ ಸಮೇತ. ಚಾಪೆಗಳನ್ನು ತೊಳೆದವಳು ನಾನು. ಇಬ್ಬರು ಅಯ್ಯನೋರೂ ಒಂದೇ ದೇವರ ಹೆಸರಲ್ಲಿ ಹೇಳಿದ್ದು. ದೇವರು ಎರಡು ಸಲವೂ ಸುಮ್ಮನಿದ್ದ.

ಆ ಊರಿಗೆ ಒಂದು ಸಲ ಗಡಿಯಾಚೆ ಕೇರಳದಿಂದ ಒಬ್ಬ ಬೋಧಕರನ್ನು ಕೂಟಕ್ಕೆ ಕರೆಸಿದ್ದರು. ಮೈಮೇಲೆ ಒಡವೆ ಇರುವವರ ಪ್ರಾರ್ಥನೆ ಸೂರಿನ ಮೇಲಕ್ಕೆ ಹೋಗುವುದಿಲ್ಲ ಅಂತ ಅವರು ಹೇಳಿಬಿಟ್ಟರು. ಮಾರನೆಯ ಸಂಜೆ ಬಾಗಿಲಲ್ಲಿ ನನ್ನ ಕೈಗೆ ಒಂದು ಬಿಸ್ಕತ್ತಿನ ಡಬ್ಬ ಕೊಟ್ಟು ನಿಲ್ಲಿಸಿದರು. ಓಲೆ, ಮೂಗುಬೊಟ್ಟು, ಕಾಲುಂಗುರ, ತಾಳಿ, ಎಲ್ಲವೂ ಅದರೊಳಕ್ಕೆ ಬಿದ್ದವು. ಕೂಟ ಮುಗಿದ ಮೇಲೆ ಡಬ್ಬ ಸುರಿದು ಕೂತರೆ ಯಾರ ಓಲೆ ಯಾರದು ಅಂತ ಆ ದೇವರಿಗೂ ಗೊತ್ತಾಗುತ್ತಿರಲಿಲ್ಲ. ಪ್ರಾರ್ಥನೆಯಲ್ಲಿ ಒಬ್ಬರ ಕೈ ಒಬ್ಬರು ಹಿಡಿದು ಅತ್ತವರು, ಓಲೆಗಾಗಿ ಒಬ್ಬರ ಜುಟ್ಟು ಒಬ್ಬರು ಹಿಡಿಯುವ ಮಟ್ಟಕ್ಕೆ ಬಂದರು. ಹೊರಗೆ ಕಾಯುತ್ತಿದ್ದ ಒಬ್ಬ ಗಂಡ, ಹೆಂಡತಿಯ ಬರೀ ಕತ್ತು ನೋಡಿ, ನಾನು ಬದುಕೇ ಇದ್ದೀನಿ ಕನಮ್ಮಿ ಅಂತ ಬೀದಿಯಲ್ಲೇ ಕೂಗಿದ. ಬೋಧಕರು ಅಷ್ಟರಲ್ಲಿ ಜೀಪು ಹತ್ತಿದ್ದರು. ಅವರ ಕೈಯಲ್ಲಿ ಚಿನ್ನದ ಬಣ್ಣದ ಗಡಿಯಾರ ಇತ್ತು. ಗಡಿಯಾರ ಒಡವೆಯಲ್ಲವಂತೆ, ಹೊತ್ತು ನೋಡುವುದಕ್ಕಂತೆ.

ತಲೆ ಮುಚ್ಚುವ ನಿಯಮದ್ದು ಇನ್ನೊಂದು ಕಥೆ. ಹೆಂಗಸರು ಬರಿತಲೆಯಲ್ಲಿ ಕೂರಬಾರದು ಅಂತಾಯಿತು. ಸೀರೆಯವರಿಗೆ ಸೆರಗಿದೆ. ವೇಲಿಲ್ಲದೆ ಬರುವ ಹುಡುಗಿಯರಿಗೆ ಅಂತ ಬಾಗಿಲ ಮೊಳೆಗೆ ನಾಲ್ಕಾರು ಬಟ್ಟೆ ನೇತುಹಾಕಿದರು. ಒಂದೇ ಬಟ್ಟೆ ಈ ವಾರ ಇವಳ ತಲೆಗೆ, ಬರುವ ವಾರ ಅವಳ ತಲೆಗೆ. ಮಳೆಗಾಲ ಮುಗಿಯುವ ಹೊತ್ತಿಗೆ ನಿಯಮ ಎಲ್ಲರ ತಲೆಯ ಮೇಲೂ ಕೂತಿತ್ತು, ಅದರ ಜೊತೆಯಲ್ಲಿ ಹೇನೂ. ಅಯ್ಯನೋರ ಹೆಂಡತಿಗೂ ಹತ್ತಿದ ಮೇಲೆ ಮೊಳೆ ಕಿತ್ತರು.

ಗಂಡಸರಿಗೆ ಇದರ ತಿರುಗುಮುರುಗು ನಿಯಮ. ಅವರು ತಲೆ ಮುಚ್ಚಬಾರದು. ಪುಣಜನೂರಿನಲ್ಲಿ ಒಂದು ಮನೆಗೆ ಪ್ರಾರ್ಥನೆಗೆ ಹೋಗಿದ್ದೆವು. ಕಾಡಿನಂಚಿನ ಊರು, ಮಾಗಿಯ ಚಳಿ. ಮನೆಯ ಮುದುಕ ಮಂಕಿ ಟೋಪಿ ಹಾಕಿ ಕೂತಿದ್ದ. ಅಯ್ಯನೋರು ತೆಗೆಸಿದರು. ಪ್ರಾರ್ಥನೆ ಉದ್ದವಿತ್ತು. ಮುದುಕನಿಗೆ ಜ್ವರ ಬಂತು, ಅವನು ಹುಷಾರಾಗಲಿ ಅಂತ ಮುಂದಿನ ವಾರ ಮತ್ತೆ ಅದೇ ಮನೆಗೆ ಪ್ರಾರ್ಥನೆಗೆ ಹೋದೆವು. ಆ ಹೊತ್ತಿಗೆ ಅಯ್ಯನೋರಿಗೂ ನೆಗಡಿ. ತಲೆಗೆ ಮಫ್ಲರ್ ಸುತ್ತಿಕೊಂಡೇ ಪ್ರಾರ್ಥನೆ ಮಾಡಿದರು. ಮಫ್ಲರ್ ಕಿವಿಗೆ ಅಂದರು. ಯಾರೂ ನಗಲಿಲ್ಲ, ಮುದುಕ ಒಬ್ಬನನ್ನು ಬಿಟ್ಟು.

ನಮ್ಮ ಯಜಮಾನರಿಗೆ ಚಾಮರಾಜನಗರದಲ್ಲಿ ಕೆಲಸವಾದಾಗ ನಾನೂ ಅಲ್ಲಿಯ ಸಭೆಗೆ ಬಂದೆ. ಅಲ್ಲಿ ಹಿರಿಯರಲ್ಲಿ ದೊಡ್ಡವರು ಸಮುವೇಲಪ್ಪನವರು. ಅರಿಶಿನದ ವ್ಯಾಪಾರ. ಊರಾಚೆ ಅವರದೇ ಕಣ ಇತ್ತು, ಅಲ್ಲಿ ಅರಿಶಿನ ಬೇಯಿಸಿ, ಒಣಗಿಸಿ, ಪಾಲಿಷ್ ಮಾಡಿ ಮೂಟೆ ಕಟ್ಟುತ್ತಿದ್ದರು. ಬಿಳಿ ಪಂಚೆ, ಬಿಳಿ ಅಂಗಿ, ಕೈಯಲ್ಲಿ ಬಿಳಿ ಕರವಸ್ತ್ರ. ಈಸ್ಟರಿಗೆ ಮುಂಚಿನ ಶ್ರಮೆಕಾಲದ ನಲವತ್ತು ದಿನ ಅವರದು ಭಾರಿ ಉಪವಾಸ. ಅನ್ನ ಮುಟ್ಟುತ್ತಿರಲಿಲ್ಲ. ಉಪ್ಪಿಟ್ಟು ತಿನ್ನುತ್ತಿದ್ದರು. ಉಪ್ಪಿಟ್ಟು ಅನ್ನವಲ್ಲ. ಒಂದು ದಿನ ದೋಸೆ ತಿನ್ನುತ್ತಿದ್ದಾಗ ನಾನು, ಇದು ಅಕ್ಕಿಯದ್ದಲ್ವಾ ಸಾಮಿ ಅಂದೆ. ರುಬ್ಬಿದ ಮೇಲೆ ಅಕ್ಕಿ ಎಲ್ಲಿರುತ್ತದೆ ಸಾರಮ್ಮ ಅಂತ ಇನ್ನೊಂದು ಹಾಕಿಸಿಕೊಂಡರು.

ನನ್ನ ಕೆಲಸದಲ್ಲಿ ನಾನೂ ಎಡವಟ್ಟು ಮಾಡಿದ್ದೇನೆ. ಭೋಜನಕ್ಕೆ ಒಣದ್ರಾಕ್ಷಿ ನೆನೆಸಿ ಹಿಂಡಿ ರಸ ತೆಗೆಯುತ್ತಿದ್ದೆ. ಒಂದು ಬೇಸಿಗೆಯಲ್ಲಿ ನೆನೆಸಿಟ್ಟಿದ್ದನ್ನು ಮರೆತು ನಮ್ಮ ಅಕ್ಕನ ಮನೆಗೆ ಹೋಗಿದ್ದೆ. ಬಂದು ನೋಡುವಾಗ ಗಡಿಗೆ ಬುಸುಗುಡುತ್ತಿತ್ತು. ಬೇರೆ ಮಾಡಲು ಹೊತ್ತಿಲ್ಲ, ಸೋಸಿ ಇಟ್ಟೆ. ಆ ಭಾನುವಾರ ಹೆಂಡದ ವಿರುದ್ಧ ವರ್ಷವಿಡೀ ಮಾತಾಡುವ ಹಿರಿಯರು ತಮ್ಮ ಪುಟ್ಟ ಲೋಟ ಎರಡನೆಯ ಸಲ ಮುಂದೆ ಹಿಡಿದರು. ಕೊನೆಯ ಕೀರ್ತನೆ ಎಂದೂ ಇಲ್ಲದ ಹಾಗೆ ಎದ್ದಿತು. ಈ ದಿನ ಆತ್ಮದ ಬಲ ಜಾಸ್ತಿ ಇತ್ತು ಅಂತ ಸಮುವೇಲಪ್ಪನವರು ಹೊರಗೆ ಬಂದು ಕಣ್ಣೊರೆಸಿಕೊಂಡರು. ನಾನು ಹೌದು ಅಂದೆ.

ಇನ್ನು ದೊಡ್ಡ ವಿಷಯ.

ನಾನು ಕೆಲಸ ಬಿಡುವುದಕ್ಕೆ ಸ್ವಲ್ಪ ಮುಂಚೆ ಹೊರ ಜಿಲ್ಲೆಯಿಂದ ಒಬ್ಬ ಚಿಕ್ಕ ವಯಸ್ಸಿನ ಅಯ್ಯನೋರು ಬಂದರು. ಒಳ್ಳೆಯ ಹುಡುಗ. ಓದಿದ್ದರು, ಆಸ್ಪತ್ರೆಗೆ ಹೋಗಿ ರೋಗಿಗಳನ್ನು ನೋಡುತ್ತಿದ್ದರು. ಆದರೆ ಅರಿಶಿನದ ಸೀಮೆ ನೋಡಿದವರಲ್ಲ. ಅವರು ಬಂದದ್ದು ಸಂಕ್ರಾಂತಿ ಆದ ಮೇಲೆ, ಅರಿಶಿನ ಕೀಳುವ ಕಾಲದಲ್ಲಿ. ನಮ್ಮ ಸಭೆಯ ಹೆಂಗಸರಲ್ಲಿ ಸುಮಾರು ಜನ ಕಣದ ಕೆಲಸದವರು. ಬೇಸಿಗೆ ಮುಗಿಯುವ ತನಕ ಅವರ ಅಂಗೈ, ಉಗುರಿನ ಸಂದು, ಹಿಮ್ಮಡಿಯ ಬಿರುಕು, ಎಲ್ಲ ಹಳದಿ. ಚಿಕ್ಕ ಅಯ್ಯನೋರು ಮೊದಲನೆಯ ಭೋಜನದಲ್ಲಿ ತಮ್ಮ ಮುಂದೆ ಚಾಚಿದ ಕೈಗಳನ್ನು ನೋಡಿ ಬೆಚ್ಚಿದರು. ಇವರೆಲ್ಲ ಯಾವುದೋ ಪೂಜೆ ಮುಗಿಸಿಕೊಂಡು ಬಂದಿದ್ದಾರೆ ಅಂದುಕೊಂಡರು.

ಕೆಲಸದ ಬಣ್ಣ ಅಂತ ಹೇಳಿದ ಮೇಲೂ ಅವರಿಗೆ ಸಮಾಧಾನವಾಗಲಿಲ್ಲ. ನೋಡಿದವರು ಏನಂದುಕೊಳ್ಳುತ್ತಾರೆ, ನಂಬುವುದಕ್ಕೆ ಮುಂಚಿನ ಹಳೆಯ ಬಾಳಿನ ಗುರುತು ಮೈಮೇಲೆ ಇರಬಾರದು ಅಂದರು. ಮಾರ್ಚಿ ತಿಂಗಳ ಮೊದಲ ಭಾನುವಾರ ನಿಯಮ ಬಂತು. ಮೈಗೆ ಅರಿಶಿನ ಅಂಟಿದವರು ಕರ್ತನ ಮೇಜಿಗೆ ಬರಕೂಡದು. ಹೆಂಗಸರು ಬಿಳಿ ಸೀರೆಯಲ್ಲೇ ಬರಬೇಕು. ಆಮೆನ್ ಅಂತ ಎಲ್ಲರಿಗಿಂತ ಜೋರಾಗಿ ಅಂದವರು ಸಮುವೇಲಪ್ಪನವರು. ಅರಿಶಿನ ಮಾರಬಹುದಾ ಅಂತ ಯಾರೋ ಕೇಳಿದ್ದಕ್ಕೆ, ವ್ಯಾಪಾರ ಬೇರೆ, ಅಂಟುವುದು ಬೇರೆ ಅಂದರು. ಅವರಿಗೆ ಅಂಟಿರಲಿಲ್ಲ ನಿಜ. ಅವರು ಕಣದಲ್ಲಿ ಕುರ್ಚಿ ಹಾಕಿ ಕೂರುವವರು.

ಬಾಗಿಲಲ್ಲಿ ಕೈ ನೋಡಿ, ಹಳದಿಯವರನ್ನು ಮೇಜಿನಿಂದ ದೂರ ಕೂರಿಸು ಅಂತ ನನಗೆ ಹೇಳಿದರು. ಕಣ್ಣು ಮಂಜು, ಹಳದಿ ಯಾವುದು ಬಿಳಿ ಯಾವುದು ತಿಳಿಯುವುದಿಲ್ಲ ಅಂದೆ. ಹಾಗಾಗಿ ಅಯ್ಯನೋರು ತಾವೇ ನೋಡತೊಡಗಿದರು.

ಕಣದ ಹೆಂಗಸರು ತಮಗೆ ತೋಚಿದ್ದು ಮಾಡಿದರು. ಒಬ್ಬಳು ಮಗನ ಬೈಕಿನ ಗ್ಲೌಸ್ ಹಾಕಿ ಬಂದಳು. ಕೆಲವರು, ಸುಗ್ಗಿ ಮುಗಿಯಲಿ ಬುಡು, ಮೇಜು ಎಲ್ಲಿಗೋಯ್ತದ ಅಂತ ಹಿಂದೆ ಕೂತರು. ಕೂರಲಾರದೆ ಹೋದವಳು ರತ್ನಮ್ಮ.

ರತ್ನಮ್ಮ ಸಮುವೇಲಪ್ಪನವರ ಕಣದಲ್ಲೇ ಪಾಲಿಷ್ ಡ್ರಮ್ಮಿನ ಹತ್ತಿರ ಕೆಲಸ ಮಾಡುವವಳು. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಬಾಯಿ ಸ್ವಲ್ಪ ಜೋರು. ನಮ್ಮ ಸಭೆಯಲ್ಲಿ ಮೊದಲಿನಿಂದ ಒಂದು ಪದ್ಧತಿ ಇತ್ತು. ರೊಟ್ಟಿ ಕೊಡುವಾಗ ಅಯ್ಯನೋರು ಒಬ್ಬೊಬ್ಬರ ಹೆಸರು ಕರೆದು ಕೊಡಬೇಕು. ನಿಯಮ ಬಂದ ಮೇಲಿನ ಮೊದಲ ಭೋಜನದ ಭಾನುವಾರ, ಮೇಜಿನ ಮುಂದೆ ಸಾಲು ನಿಂತವರ ಹೆಸರು ಕರೆಯುತ್ತಾ ಬಂದು ರತ್ನಮ್ಮನ ಮುಂದೆ ನಿಂತು, ಕೈ ನೋಡಿ, ತಟ್ಟೆ ಹಿಂದಕ್ಕೆ ತೆಗೆದುಕೊಂಡು ಪಕ್ಕದವಳ ಹೆಸರು ಕರೆದರು. ಚಾಚಿದ ಕೈ ಹಾಗೇ ಇತ್ತು. ಅವಳು ಅದನ್ನು ಏನು ಮಾಡಬೇಕು ಅಂತ ಗೊತ್ತಾಗದೆ ಸೀರೆಗೆ ಒರೆಸಿಕೊಂಡಳು.

ಅವತ್ತು ಸಂಜೆ ನಮ್ಮ ಮನೆಗೆ ಬಂದಳು. ಅಳಲಿಲ್ಲ. ನನ್ನ ಹತ್ತಿರ ಯಾರೂ ಅಳುವುದಿಲ್ಲ, ನಾನು ಸಮಾಧಾನ ಹೇಳುವವಳಲ್ಲ ಅಂತ ಎಲ್ಲರಿಗೂ ಗೊತ್ತು.

“ಸಾರಕ್ಕ, ವಾರ್ವೆಲ್ಲ ನನ್ನ ಯಾರೂ ಎಸ್ರು ಇಡ್ದು ಕರೆಯಲ್ಲ,” ಅಂದಳು. “ಏ ಡ್ರಮ್ಮಿನೋಳೇ ಅಂತಾರ, ಇಲ್ಲಾಂದ್ರ ಬಾ ಇಲ್ಲಿ ಅಂತಾರ. ಅಲ್ಲೊಂದೇ ಕನಕ್ಕ, ರತ್ನಮ್ಮ ಅಂತ ಕರ್ದು ಕೈಗೆ ಕೊಡದು. ಅದ್ನೂ ಕಿತ್ಕಂಡ್ರ ನಾ ಅಲ್ಲಿಗ್ಯಾಕ ಬರ್ಬೇಕು?”

ಮುಂದಿನ ಭೋಜನ ಈಸ್ಟರಿಗೆ ಇತ್ತು. ಅವತ್ತೂ ಕೊಡದಿದ್ದರೆ ಇನ್ನು ಸಭೆಯ ಮೆಟ್ಟಿಲು ಹತ್ತುವುದಿಲ್ಲ ಅಂದಳು. ರತ್ನಮ್ಮ ಹೇಳಿದರೆ ಹಾಗೇ ಮಾಡುವವಳು. ಕೆಲಸ ಬಿಟ್ಟು ಕೂತರೆ ಕೈ ಬೆಳ್ಳಗಾಗುತ್ತದೆ, ಹೊಟ್ಟೆಯೂ ಬೆನ್ನಿಗೆ ಹತ್ತುತ್ತದೆ. ಸಮುವೇಲಪ್ಪನವರನ್ನೇ ಕೇಳಿದಳು. ಸುಗ್ಗಿಯಲ್ಲಿ ರಜೆ ಕೊಡಲಾಗುವುದಿಲ್ಲ, ಬಟ್ಟೆ ಸೋಡ ಹಾಕಿ ಚೆನ್ನಾಗಿ ಉಜ್ಜು, ಮನಸ್ಸಿದ್ದರೆ ಹೋಗುತ್ತದೆ ಅಂದರು.

ಉಜ್ಜಿದಳು. ಸೋಡ, ಬಾರ್ ಸೋಪು, ತೆಂಗಿನ ನಾರು. ಕೈಕಾಲು ಉಜ್ಜಿ, ಹಳದಿ ಕಲೆಯಾಗಿದ್ದ ಬಿಳಿ ಸೀರೆಯನ್ನೂ ಅದರಲ್ಲೇ ಅದ್ದಿ ತೆಗೆದಳು. ಅರಿಶಿನಕ್ಕೆ ಸೋಡ ತಾಗಿದರೆ ಏನಾಗುತ್ತದೆ ಅಂತ ನಮ್ಮ ಕಡೆ ಕೂಸಿಗೂ ಗೊತ್ತು. ಹಳದಿ ಕಳೆಯುವ ಆತುರದಲ್ಲಿ ಹೇಳಿದವರಿಗೂ ನೆನಪಾಗಲಿಲ್ಲ, ಉಜ್ಜಿದವಳಿಗೂ ಆಗಲಿಲ್ಲ. ಈಸ್ಟರಿಗೆ ಒಂದು ವಾರ ಮುಂಚಿನ ಗರಿಗಳ ಭಾನುವಾರ ಬಾಗಿಲಿಗೆ ಬಂದಾಗ ಅವಳ ಅಂಗೈ ಕೆಂಪು, ಹಿಮ್ಮಡಿ ಕೆಂಪು, ಬಿಳಿ ಸೀರೆಯ ತುಂಬ ಕೋಳಿ ಕುಯ್ದ ಹಾಗೆ ಕೆಂಪು ಮಚ್ಚೆ.

ಅಯ್ಯನೋರು ಎರಡು ಹೆಜ್ಜೆ ಹಿಂದಕ್ಕೆ ಹೋದರು. ಅರಿಶಿನ ಬೇಡ ಅಂದರೆ ಕುಂಕುಮ ಹಚ್ಚಿಕೊಂಡು ಬಂದಿದ್ದೀರಲ್ಲಮ್ಮ ಅಂದರು.

“ನಾನೆಲ್ಲಿ ಅಚ್ಕಂಡೆ ಅಯ್ಯನೋರೆ? ನಿಮ್ ನಿಯಮ ತೊಳ್ದು ತೊಳ್ದು ಇಂಗಾಯ್ತು,” ಅಂದಳು ರತ್ನಮ್ಮ.

ಗರಿ ಹಿಡಿದು ನಿಂತಿದ್ದವರೆಲ್ಲ ನಕ್ಕರು. ನಗು ಅವಳ ಮೇಲೋ ಅಯ್ಯನೋರ ಮೇಲೋ, ಇಬ್ಬರಿಗೂ ತಿಳಿಯಲಿಲ್ಲ. ಇಬ್ಬರ ಮುಖವೂ ಅವಳ ಕೈಯ ಬಣ್ಣಕ್ಕೆ ಬಂತು. ಅವಳು ಒಳಗೆ ಬರದೆ ಹಿಂತಿರುಗಿದಳು.

ನನ್ನ ಜಾಗಕ್ಕೆ ಬಂದ ಹುಡುಗಿ, ಇಲ್ಲಿ ನಿನಗೆ ಒಂದು ಮಾತು ಹೇಳಬೇಕು. ಅದರ ಹಿಂದಿನ ಕ್ರಿಸ್ಮಸ್ಸಿನಿಂದ ನನ್ನ ಬಲಗೈ ಮಣಿಕಟ್ಟು ಊದಿಕೊಂಡು ಹಿಟ್ಟು ನಾದಲು ಆಗುತ್ತಿರಲಿಲ್ಲ. ಭೋಜನದ ರೊಟ್ಟಿಗೆ ಹುಳಿ ಹಾಕುವಂತಿಲ್ಲ, ಉಪ್ಪು ಹಾಕುವಂತಿಲ್ಲ, ನಾದುವುದರಲ್ಲೇ ಅದರ ಹದ. ಶನಿವಾರ ಸಂಜೆ ಬಂದು ನಾದಿಕೊಡುತ್ತಿದ್ದವಳು ರತ್ನಮ್ಮ. ನಾನು ಹಂಚಿನ ಮೇಲೆ ಸುಡುತ್ತಿದ್ದೆ. ಯಾರು ನಾದುತ್ತಾರೆ ಅಂತ ಒಬ್ಬರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಅವಳಿಗೆ ತಟ್ಟೆ ತಪ್ಪಿಸಿದ ಆ ಭಾನುವಾರದ ರೊಟ್ಟಿಯೂ ಅವಳು ನಾದಿದ್ದೇ. ಕೈ ಚಾಚಬಾರದು ಅನ್ನಿಸಿಕೊಂಡವಳ ಕೈಯದನ್ನು ಊರೆಲ್ಲ ತಿಂದು ಬಾಯೊರೆಸಿಕೊಂಡಿತ್ತು.

ಈಸ್ಟರಿನ ಹಿಂದಿನ ಸಂಜೆ ಅವಳು ಬರುತ್ತಾಳೆ ಅಂತ ನಾನು ನಂಬಿರಲಿಲ್ಲ. ಬಂದಳು. ನಿನ್ ಕೈ ನೋವಿಗೆ ಬಂದೆ ಕನಕ್ಕ, ಅವರ ಮೇಜಿಗಲ್ಲ ಅಂದಳು. ಕೈ ಮತ್ತೆ ಹಳದಿಯಾಗಿತ್ತು, ವಾರವೆಲ್ಲ ಕಣದಲ್ಲೇ ಇದ್ದಳಲ್ಲ. ಸಭೆಯ ಹಿಂದಿನ ಅಡುಗೆ ಚಾವಡಿಯಲ್ಲಿ ಪರಾತ ಇಟ್ಟುಕೊಂಡು ನಾದಲು ಕೂತಳು. ಅರ್ಧ ಹದಕ್ಕೆ ಬಂದಿತ್ತು. ಅಷ್ಟರಲ್ಲಿ ನಾಳೆಯ ಮೇಜಿನ ಬಟ್ಟೆ ಕೇಳಿಕೊಂಡು ಚಿಕ್ಕ ಅಯ್ಯನೋರು ಬಾಗಿಲಿಗೆ ಬಂದರು.

ಅವರು ಬಟ್ಟೆಯ ಮಾತು ಮರೆತರು. ಪರಾತ ನೋಡಿದರು, ಅವಳ ಕೈ ನೋಡಿದರು, ನನ್ನನ್ನು ನೋಡಿದರು. ಇದು ಯಾವುದಕ್ಕೆ ಅಂತ ಮೆಲ್ಲಗೆ ಕೇಳಿದರು. ನಾಳೆಗೆ ಅಂದೆ. ಯಾವಾಗಿನಿಂದ ಇವರು ಮಾಡುತ್ತಿದ್ದಾರೆ ಅಂದರು. ನೀವು ಬರುವುದಕ್ಕೆ ಮುಂಚಿನಿಂದ ಅಂದೆ.

ರತ್ನಮ್ಮ ತಲೆ ಎತ್ತಲಿಲ್ಲ. ನಾದುತ್ತಲೇ ಕೇಳಿದಳು.

“ನಾದಕ್ಕೆ ಆಯ್ತದ, ತಿನ್ನಕ್ಕೆ ಆಗಲ್ವ ಅಯ್ಯನೋರೆ?”

ಅಷ್ಟು ಕೇಳಿ ಅವಳು ಬೆರಳಿಗೆ ಅಂಟಿದ್ದ ಹಿಟ್ಟನ್ನು ಪರಾತದ ಅಂಚಿಗೆ ಒರೆಸಿ, ಎದ್ದು, ಕೈ ಕೂಡ ತೊಳೆಯದೆ ಹೊರಟುಹೋದಳು.

ಹಿಟ್ಟು ಬಿಸಾಕಲಾ ಅಂತ ಕೇಳಿದೆ. ವ್ಯಂಗ್ಯಕ್ಕೆ ಕೇಳಿದ್ದಲ್ಲ. ಬಿಸಾಕಿದರೆ ಬೇರೆ ಹಿಟ್ಟು ತರಬೇಕು, ಅಂಗಡಿ ಮುಚ್ಚುವ ಹೊತ್ತು. ಅಯ್ಯನೋರು ಹೊಸ್ತಿಲ ಮೇಲೆ, ಆ ಪರಾತದ ಮುಂದೆ ಕೂತರು. ಆ ಮುಖ ನೋಡಿ ನನಗೆ ನಗು ಬರಲಿಲ್ಲ. ಅಷ್ಟು ವರ್ಷದಲ್ಲಿ ನಾನು ಕಂಡ ಅಯ್ಯನೋರುಗಳು ನಿಯಮ ಹಾಕಿದ್ದಾರೆ, ತೆಗೆದಿದ್ದಾರೆ, ಇನ್ನೊಂದು ಊರಿಗೆ ಹೊತ್ತುಕೊಂಡು ಹೋಗಿದ್ದಾರೆ. ಹಾಕಿದ ನಿಯಮದ ಮುಂದೆ ಕೂತು ನೋಡಿದವರು ಇವರೊಬ್ಬರೇ.

ನಾನು ಹೆಚ್ಚು ಓದಿದವಳಲ್ಲ, ನಾಲ್ಕನೆಯ ಕ್ಲಾಸು. ಆದರೆ ಬಾಗಿಲಲ್ಲಿ ನಿಂತು ಕೇಳಿದ ಬೋಧನೆ ಕಡಿಮೆಯೇನಲ್ಲ. ಯೇಸುಸ್ವಾಮಿ ಕುಷ್ಠದವನನ್ನು ಮುಟ್ಟಿದ, ತೆರಿಗೆ ವಸೂಲಿಯವನ ಮನೆಯಲ್ಲಿ ಉಂಡ. ಮೊದಲು ಕೈ ತೋರಿಸು ಅಂದ ಅಂತ ಯಾರೂ ಬೋಧಿಸಿದ್ದು ನಾನು ಕೇಳಿಲ್ಲ. ಕೈ ತೊಳೆಯದೆ ಉಂಡರು ಅಂತ ಅವನ ಶಿಷ್ಯರ ಮೇಲೆ ದೂರು ತಂದವರನ್ನೇ ಅವನು ಬೈದು ಕಳಿಸಿದ. ಸೆರಗು, ಓಲೆ, ಉಪ್ಪಿಟ್ಟು, ಬಿಳಿ ಸೀರೆ, ಇವೆಲ್ಲ ಕೈಗೆ ಸಿಗುತ್ತವೆ, ಅಳೆಯಬಹುದು, ಇನ್ನೊಬ್ಬರಲ್ಲಿ ಇಲ್ಲ ಅಂತ ತೋರಿಸಬಹುದು. ನಂಬಿಕೆಯನ್ನು ಹಾಗೆ ಅಳೆಯಲಾಗುವುದಿಲ್ಲ. ಅದಕ್ಕೇ ಜನ ಅದನ್ನು ಬಿಟ್ಟು ಇದನ್ನು ಹಿಡಿಯುತ್ತಾರೆ. ಇದು ಸುಲಭ. ಬೇರೆಯವರ ಕೈ ನೋಡುತ್ತಿದ್ದರೆ ತನ್ನ ಒಳಗೆ ನೋಡಿಕೊಳ್ಳುವ ಗೋಜೂ ಇಲ್ಲ.

ಕೊನೆಗೆ ಅಯ್ಯನೋರು ಎದ್ದರು. ಅಂಗಿಯ ತೋಳು ಮಡಿಸಿದರು. ಬಿಸಾಕಬೇಡಿ, ಇದನ್ನು ಹೇಗೆ ಮುಗಿಸುವುದು ಹೇಳಿ ಅಂದರು. ಊದಿದ ನನ್ನ ಮಣಿಕಟ್ಟು ಅವರಿಗೆ ಕಾಣುತ್ತಿತ್ತಲ್ಲ. ನೀರು ಸ್ವಲ್ಪ ಚಿಮುಕಿಸಿ ಅಂದೆ, ಸುರಿದರು. ಹಿಟ್ಟು ಹಾಕಿ ಅಂದೆ, ಲಟ್ಟಿಸಲು ಉಳಿಸಿದ್ದನ್ನೆಲ್ಲ ಬಗ್ಗಿಸಿದರು. ಒತ್ತಿ ಅಂದರೆ ಗುದ್ದಿದರು. ಲಟ್ಟಿಸಿದ್ದು ನಮ್ಮ ತಾಲ್ಲೂಕಿನ ನಕ್ಷೆಯ ಹಾಗೆ ಬಂತು. ಸುಟ್ಟೆ. ಇನ್ನೇನು ಮಾಡಲಿ.

ಈಸ್ಟರ್ ಬೆಳಿಗ್ಗೆ ಸಭೆ ತುಂಬಿತ್ತು. ರತ್ನಮ್ಮ ಬಂದಿದ್ದಳು. ಹೇಳಿದ್ದ ಹಾಗೆ ಕೊನೆಯ ಸಲ ನೋಡಿಯೇ ಹೋಗೋಣ ಅಂತ, ಬಾಗಿಲ ಪಕ್ಕದ ಚಾಪೆಯಲ್ಲಿ ಕೂತಳು. ಬಿಳಿ ಸೀರೆ ಉಟ್ಟಿರಲಿಲ್ಲ. ದಿನಾ ಕಣಕ್ಕೆ ಹೋಗುವ ನೀಲಿ ಸೀರೆ. ಸಮುವೇಲಪ್ಪನವರು ತಿರುಗಿ ಅವಳನ್ನು ನೋಡಿ ಕರವಸ್ತ್ರ ಮೂಗಿಗೆ ಹಿಡಿದರು.

ಭೋಜನ ಶುರುವಾಯಿತು. ರೊಟ್ಟಿ ಚಕ್ಕಳದ ಹಾಗಿತ್ತು. ಮೊದಲು ತಗೊಂಡ ಹಿರಿಯರು ಅಗಿಯುತ್ತಲೇ ಇದ್ದರು. ಸಮುವೇಲಪ್ಪನವರಿಗೆ ಕಟ್ಟಿಸಿದ ಹಲ್ಲು, ಅವರು ತುಂಡನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸಾಗಿಸುತ್ತಾ ಕಣ್ಣು ಮುಚ್ಚಿದರು. ನೋಡಿದವರು ಗಾಢ ಪ್ರಾರ್ಥನೆ ಅಂದುಕೊಂಡರು.

ಅಯ್ಯನೋರು ಹೆಸರು ಕರೆಯುತ್ತಾ ಬಂದರು. ಆಮೇಲೆ ಬಾಗಿಲ ಕಡೆ ನೋಡಿ ರತ್ನಮ್ಮ ಅಂತ ಕರೆದರು.

ಅವಳು ಏಳಲಿಲ್ಲ. ಇನ್ನೊಂದು ಸಲ ಕರೆದರು.

“ಕೈ ಅಂಗೇ ಅದ,” ಅಂದಳು ಕೂತಲ್ಲಿಂದಲೇ.

ಸಮುವೇಲಪ್ಪನವರು ಏನೋ ಹೇಳಲು ನೋಡಿದರು. ಬಾಯಲ್ಲಿ ರೊಟ್ಟಿ ಇತ್ತು.

ಅಯ್ಯನೋರು ತಟ್ಟೆ ಹಿಡಿದು ಮೇಜು ಬಿಟ್ಟು ಕೆಳಗೆ ಇಳಿದರು. ಚಾಪೆಗಳ ನಡುವೆ, ಕೂತವರ ಮಂಡಿ ತಪ್ಪಿಸಿಕೊಂಡು ಬಾಗಿಲ ತನಕ ಬಂದರು. ಅವಳು ನೆಲದ ಮೇಲೆ ಕೂತಿದ್ದಳು, ಅವರೂ ಕೂತರು. ತಪ್ಪು ನನ್ನದು ರತ್ನಮ್ಮ ಅಂದರು. ಮೆಲ್ಲಗೆ ಅಂದದ್ದಲ್ಲ, ಎಲ್ಲರಿಗೂ ಕೇಳುವ ಹಾಗೆ. ಆಮೇಲೆ ಮತ್ತೊಮ್ಮೆ ಹೆಸರು ಕರೆದು ರೊಟ್ಟಿ ನೀಡಿದರು.

ರತ್ನಮ್ಮ ಅವರ ಮುಖವನ್ನೇ ನೋಡಿದಳು. ಹಳದಿ ಅಂಗೈ ಚಾಚಿ ತುಂಡು ತೆಗೆದುಕೊಂಡು ಬಾಯಿಗೆ ಹಾಕಿಕೊಂಡಳು. ಅಗಿದಳು. ಮತ್ತೂ ಅಗಿದಳು. ಸಭೆಯೆಲ್ಲ ಅವಳ ದವಡೆಯನ್ನೇ ನೋಡುತ್ತಿತ್ತು. ಕಷ್ಟಪಟ್ಟು ನುಂಗಿದ ಮೇಲೆ ಕೇಳಿದಳು.

“ಇದ ನೀವೇ ನಾದುದ್ರಾ?”

ಹೌದು ಅಂದರು.

“ಇನ್ಮೇಲೆ ನೀವು ಮುಟ್ಬ್ಯಾಡಿ ಅಯ್ಯನೋರೆ. ಬರೋ ತಿಂಗ್ಳು ನಾನೇ ಬತ್ತಿನಿ.”